ಅದಲುಬದಲಾಗದ ತಾಯಿ

ಪ್ರಯೋಗಾಲಯದ ಪ್ರಾಣಿಮನೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ತಾಯಿ ಇಲಿಗಳನ್ನು ಅದಲುಬದಲು ಮಾಡುವುದು ಸಹಾಯಕಿ ಹುಡುಗಿಯ ಕೆಲಸ. ಗಾಜಿನ ಪೆಟ್ಟಿಗೆಯೊಳಗೆ ಆಕ್ಸಿಜನ್ ತುಂಬಿ, ಹತ್ತು ಮರಿಗಳನ್ನು ಹುಟ್ಟಿದ ದಿನದಿಂದಲೇ ಅದರಲ್ಲಿ ಇಟ್ಟಿದ್ದರು. ಅಷ್ಟೊಂದು ಆಕ್ಸಿಜನ್‌ಗೆ ಎಳೆಯ ಶ್ವಾಸಕೋಶ ಕೆಡುತ್ತದೆ, ಅಲ್ಲಿನ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಕಾಡುವ ಕಾಯಿಲೆಯೂ ಇಂಥದ್ದೇ. ಪ್ರಯೋಗ ನಡೆಸುವ ಡಾಕ್ಟರಮ್ಮ ಹುಡುಕುತ್ತಿದ್ದದ್ದು ಅದಕ್ಕೆ ಔಷಧ.

ಮರಿಗಳು ಹೇಗೋ ತಾಳುತ್ತವೆ, ದೊಡ್ಡ ಇಲಿ ತಾಳದು. ಅದಕ್ಕೇ ಇಬ್ಬರು ತಾಯಂದಿರು. ಒಬ್ಬಳು ಪೆಟ್ಟಿಗೆಯಲ್ಲಿ, ಇನ್ನೊಬ್ಬಳು ಹೊರಗಿನ ಪಂಜರದಲ್ಲಿ ಮಾಮೂಲಿ ಗಾಳಿಯಲ್ಲಿ ಬೆಳೆಯುವ ಮರಿಗಳ ಜೊತೆ. ಮಾರನೇ ದಿನ ಇವಳು ಅಲ್ಲಿ, ಅವಳು ಇಲ್ಲಿ.

ಒಂಬತ್ತನೇ ದಿನ ಹುಡುಗಿ ಪೆಟ್ಟಿಗೆಯೊಳಗೆ ಕೈಯೊಡ್ಡಿದಾಗ ಹತ್ತೂ ಮರಿಗಳು ತಾಯಿಯ ಹೊಟ್ಟೆಗೆ ಕಚ್ಚಿಕೊಂಡಿದ್ದವು. ಚಿಕ್ಕಂದಿನಲ್ಲಿ ಆ ಹುಡುಗಿಯನ್ನೂ ಚಿಕ್ಕಮ್ಮ, ಅತ್ತೆ ಇಬ್ಬರು ತಿಂಗಳಿಗೊಬ್ಬರಂತೆ ಸಾಕಿದ್ದರು. ಎರಡು ಮನೆಯಲ್ಲೂ ಅವಳದೆಂಬ ಹಾಸಿಗೆ ಇರಲಿಲ್ಲ. ಅವಳು ತಾಯಿಯನ್ನು ಅಲ್ಲೇ ಬಿಟ್ಟು ಕೈ ಹಿಂದಕ್ಕೆ ತೆಗೆದು, ಗೋಡೆಯ ಹಾಳೆಯಲ್ಲಿ 'ಬದಲಾಯಿಸಿದೆ' ಎಂದು ಗುರುತು ಹಾಕಿದಳು. ಹತ್ತನೇ ದಿನವೂ ಅಷ್ಟೇ.

ಹನ್ನೊಂದನೇ ಬೆಳಿಗ್ಗೆ ಪಂಜರ ತೊಳೆಯುವ ಅಣ್ಣ ಬಾಗಿಲಲ್ಲಿ ಇಣುಕಿ, "ಏನೇ ಗುಮ್ಮನಗುಸುಕಿ, ಇಲಿ ಹತ್ರಾನಾದ್ರೂ ಮಾತಾಡೇ, ಅವೇನು ಚಾಡಿ ಹೇಳಲ್ಲ!" ಎಂದು ನಕ್ಕು ಹೋದ.

ಅವಳು ಗಾಜಿನತ್ತ ಬಾಗಿದಳು. ಪೆಟ್ಟಿಗೆಯೊಳಗಿನ ತಾಯಿ ಬೆನ್ನು ಗೂನು ಮಾಡಿಕೊಂಡು ಕೂತಿತ್ತು. ಪಕ್ಕೆ ಗುಳಿ ಬೀಳುವಂತೆ ಉಸಿರೆಳೆಯುತ್ತಿತ್ತು, ಕಿವಿ ನೀಲಿಗಟ್ಟಿತ್ತು. ಈಗ ತೆಗೆದು ಅದಲುಬದಲು ಮಾಡಿಬಿಟ್ಟರೆ ಯಾರಿಗೂ ಗೊತ್ತಾಗದು. ಹೇಳಿದರೆ ಈ ಕೋಣೆಯ ಕೆಲಸ ಕೈತಪ್ಪುತ್ತದೆ, ಇದು ಬಿಟ್ಟರೆ ತನ್ನದೆನ್ನಲು ಅವಳಿಗೆ ಬೇರೆ ಜಾಗವಿಲ್ಲ. ಹೇಳದಿದ್ದರೆ, ಕಾಯಿಲೆ ತಾಯಿಯ ಹಾಲು ಕುಡಿದ ಮರಿಗಳ ಫಲಿತಾಂಶ ನಂಬಿ ಡಾಕ್ಟರಮ್ಮ ಯಾವುದೋ ಕೂಸಿಗೆ ತಪ್ಪು ಔಷಧ ಬರೆಯುತ್ತಾರೆ.

ಅವಳು ತಾಯಿಯನ್ನು ಎತ್ತಿ ಹೊರಗಿಟ್ಟು, ಇನ್ನೊಬ್ಬಳನ್ನು ಒಳಗೆ ಬಿಟ್ಟು, ಡಾಕ್ಟರಮ್ಮನ ಕೋಣೆಗೆ ಹೋದಳು.

"ಎರಡು ದಿನ ಸುಳ್ಳು ಗುರುತು ಹಾಕಿದೀನಿ, ಮೇಡಂ."

ಡಾಕ್ಟರಮ್ಮ ಎದ್ದು ಬಂದು ಇಲಿಯನ್ನು ನೋಡಿದರು. "ಯಾಕಮ್ಮಾ ಹೀಗ್ಮಾಡ್ದೆ?"

"ಮರಿಗಳಿಂದ ಬಿಡಿಸೋಕೆ ಕೈ ಬರ್ಲಿಲ್ಲ."

"ಮರಿಗಳಿಗೆ ಹಾಲು ಕೊಡೋಕೆ ಇನ್ನೊಬ್ಬಳಿದ್ಲಲ್ಲೇ. ಇವಳ ಉಸಿರಿಗೆ ಯಾರಿದ್ರು?"

ಅವಳು ಗೋಡೆಯ ಹಾಳೆ ಬಿಚ್ಚಿ ತಂದು ಆ ಎರಡು ಗುರುತುಗಳನ್ನು ತೋರಿಸಿದಳು.

"ಈ ಮರಿಗಳು ಇನ್ನು ಪ್ರಯೋಗಕ್ಕಿಲ್ಲ. ಮೊದಲಿಂದ ಶುರು ಮಾಡ್ಬೇಕು," ಎಂದರು ಡಾಕ್ಟರಮ್ಮ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಳೆಯಿಂದ ನೀನು ತೊಳೆಯೋ ಕಡೆ ಹೋಗು. ಇವತ್ತು ಮರಿಗಳನ್ನೆಲ್ಲ ಇನ್ನೊಬ್ಬಳ ಹತ್ರ ಬಿಟ್ಟು, ಇವಳನ್ನ ಬೇರೆ ಪಂಜರದಲ್ಲಿಟ್ಟು ಉಸಿರು ಎಣಿಸಿ ಬರಿ. ಅರ್ಧ ಗಂಟೆಗೊಂದು ಸಲ."

ಊಟದ ಹೊತ್ತಿಗೆ ಎಲ್ಲರೂ ಹೊರಟರು. ಒಂಟಿ ಪಂಜರದಲ್ಲಿ ತಾಯಿ ಇಲಿ ಮೂಲೆಯಿಂದ ಮೂಲೆಗೆ ತೆವಳುತ್ತಾ ಹುಲ್ಲನ್ನು ಮೂಸಿ ಮೂಸಿ ಮರಿಗಳನ್ನು ಹುಡುಕಿತು. ಸಿಗಲಿಲ್ಲ. ಸುಸ್ತಾಗಿ ಗೋಡೆಗೆ ಒರಗಿತು. ಅವಳು ಕುರ್ಚಿಯನ್ನು ಪಂಜರದ ಹತ್ತಿರ ಎಳೆದುಕೊಂಡು, ಗಡಿಯಾರ ನೋಡುತ್ತಾ ಎಣಿಸಿದಳು. ನಿಮಿಷಕ್ಕೆ ನೂರಾ ಐವತ್ತೆರಡು, ಇರಬೇಕಾದ್ದಕ್ಕಿಂತ ತುಂಬಾ ಹೆಚ್ಚು. ಇದ್ದದ್ದನ್ನು ಇದ್ದ ಹಾಗೇ ಬರೆದಳು.