ಆಮೆ ಅಂದವನು

ಜೋಗ್ಜಾ ನಗರದಲ್ಲಿ ನಮ್ಮ ಪ್ರೋಗ್ರಾಮರ್‌ಗಳ ಗುಂಪು ಸೇರುವ ಕಾಫಿ ಅಂಗಡಿಯಲ್ಲಿ ಬೊಂದಾನ್ ಮತ್ತು ವೆನಿಂಗ್ ಮತ್ತೆ ಜಗಳ ಶುರು ಮಾಡಿದ್ದರು. ಬರೆದ ಕೋಡನ್ನು ಜೋಡಿಸಿ ಓಡಿಸುವ ಟೂಲನ್ನು ಇಬ್ಬರೂ ಬೇರೆ ಬೇರೆಯಾಗಿ ಮಾಡಿ, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಇಂಟರ್‌ನೆಟ್ಟಿನಲ್ಲಿ ಬಿಟ್ಟಿದ್ದರು. ಎರಡನ್ನೂ ಹೋಲಿಸಿ ಯಾವುದು ಮೇಲೆಂದು ನಾನು ಗುಂಪಿಗೆ ಬರೆದುಕೊಡಬೇಕಿತ್ತು.

“ನಿನ್ನದು ಆಮೆ,” ಎಂದ ಬೊಂದಾನ್.

“ನಿಮ್ಮದು ಓಡುತ್ತೆ ಮಾಸ್, ಎಲ್ಲಿಗೆ ಅಂತ ಅದಕ್ಕೇ ಗೊತ್ತಿಲ್ಲ,” ಎಂದಳು ವೆನಿಂಗ್. ಮಾಸ್ ಅಂದರೆ ಅಲ್ಲಿನ ಮಾತಿನಲ್ಲಿ ಅಣ್ಣ.

ನನಗೆ ರೇಗಿತು. “ಇಬ್ಬರೂ ಬಾಯಿ ಮುಚ್ಕೊಳ್ಳಿ. ವೆನಿಂಗ್, ಅವನ ಟೂಲ್ ನೀನು ಹಾಕ್ಕೊ, ನಿನ್ನದನ್ನ ಅವನು ಹಾಕ್ಕೊಳ್ಳಲಿ. ಬರೆದಿಟ್ಟಿರೋ ಸೂಚನೆ ಓದ್ಕೊಂಡೇ ಮಾಡಬೇಕು, ಒಬ್ಬರನ್ನೊಬ್ಬರು ಕೇಳೋ ಹಾಗಿಲ್ಲ.”

ತಟ್ಟೆಯಲ್ಲಿದ್ದ ಕರಿದ ತೆಂಪೆ, ಅಂದರೆ ಹುದುಗಿಸಿದ ಸೋಯಾ ಬಿಲ್ಲೆ, ಆರುವ ಮೊದಲೇ ಇಬ್ಬರ ಪರದೆಯ ಮೇಲೂ ತಪ್ಪುಗಳ ಕೆಂಪು ಸಾಲು ತುಂಬಿತು.

“ನನ್ನ ಮಷೀನಲ್ಲಿ ಓಡುತ್ತಲ್ಲ,” ಎಂದು ಇಬ್ಬರೂ ಒಟ್ಟಿಗೇ ಅಂದರು. ತಮ್ಮ ಟೂಲ್ ಓಡಲು ಬೇಕೆಂದು ಎಂದೋ ಮಷೀನಿಗೆ ಹಾಕಿಕೊಂಡು ಮರೆತ ಬೇರೆ ಪ್ರೋಗ್ರಾಮ್‌ಗಳು ಲೋಕದವರೆಲ್ಲರ ಬಳಿಯೂ ಇರುತ್ತವೆ ಎಂದು ಇಬ್ಬರೂ ನಂಬಿದ್ದರು.

ಆಮೇಲೆ ಇಬ್ಬರೂ ಕೀಬೋರ್ಡಿಗೆ ಕೈ ಹಾಕಿದರು. ಅವಳು ಅವನದನ್ನು ತಿದ್ದಿದಳು, ಅವನು ಅವಳದನ್ನು.

ನನ್ನ ಹೋಲಿಕೆಯನ್ನು ನಾನು ಬರೆಯಲೇ ಇಲ್ಲ. ಈಗ ಎರಡೂ ಟೂಲ್ ಹೊಸಬರ ಮಷೀನಿನಲ್ಲೂ ಓಡುತ್ತವೆ. ಮೊನ್ನೆ ಗುಂಪಿಗೆ ಹೊಸದಾಗಿ ಬಂದವಳೊಬ್ಬಳು, ವೆನಿಂಗ್‌ಳ ಟೂಲ್ ಸ್ವಲ್ಪ ನಿಧಾನ ಎಂದಳು. ಬೊಂದಾನ್ ಕಾಫಿ ಲೋಟ ಕೆಳಗಿಟ್ಟ.

“ಏನಂದೆ ನಮ್ಮ ಟೂಲನ್ನ?”