ಹೆಸರಾಂತ ಸಂಸ್ಥೆಗೆ ಬೇಕಾಗಿದ್ದಾರೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವಳು ಹಲ್ಲಕ್ಕ. ಹಲ್ಲೇನೂ ಉಬ್ಬಿರಲಿಲ್ಲ, ಅವಳ ಕಸುಬೇ ಹಲ್ಲು ಕಟ್ಟುವುದು. ಬಾಯಿ ಬೋಳಾದವರಿಂದ ವೈದ್ಯರು ತೆಗೆದು ಕಳಿಸಿದ ಅಚ್ಚನ್ನು ಎದುರಿಗಿಟ್ಟುಕೊಂಡು, ಗುಲಾಬಿ ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ನೆಟ್ಟು, ಮೇಲಿನ ಸಾಲೂ ಕೆಳಗಿನ ಸಾಲೂ ಒಂದಕ್ಕೊಂದು ಕೂರುವವರೆಗೆ ತಿದ್ದಬೇಕು. ಮದುವೆಯಾದ ಹೊಸದರಲ್ಲಿ ಸೇರಿದವಳು, ಮಗನಿಗೆ ಮೀಸೆ ಬಂದು ಅವನು ಬೇರೆ ಊರಿಗೆ ಓದಲು ಹೋದ ಮೇಲೂ ಅದೇ ಲ್ಯಾಬಿನಲ್ಲಿ, ಅದೇ ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದಳು.

ಲ್ಯಾಬಿನ ಯಜಮಾನರದು ಬೆಣ್ಣೆಯಂಥ ಮಾತು. ಸಂಬಳ ಜಾಸ್ತಿ ಮಾಡಿ ಅಂತ ಅವಳು ಬಾಯಿ ತೆರೆದಾಗಲೆಲ್ಲ ಕುರ್ಚಿಯಿಂದ ಎದ್ದು ನಿಂತುಬಿಡುತ್ತಿದ್ದರು. "ಅಯ್ಯೋ ಅಕ್ಕ, ನೀವು ಕೇಳಬೇಕಾ? ನೀವು ಮನೆಯವರಿದ್ದ ಹಾಗೆ. ಈ ವರ್ಷ ಸ್ವಲ್ಪ ಕಷ್ಟ. ಮುಂದಿನ ವರ್ಷ ನೋಡೋಣ." ಅವರು ಎದ್ದು ನಿಂತಾಗ ತಾನು ಕೂತಿರುವುದು ಸರಿಯಲ್ಲವೆಂದು ಅವಳೂ ಎದ್ದು, ಎದ್ದವಳು ಹಾಗೇ ಹೊರಗೆ ಬಂದುಬಿಡುತ್ತಿದ್ದಳು.

ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಆ ವರ್ಷ ಅವನ ಮಂಡಿ ಕೈಕೊಟ್ಟಿತು. ಏಣಿ ಹತ್ತುವ ಹಾಗಿಲ್ಲ ಎಂದಾಯಿತು. ಆಗ ನಾದಿನಿ ಒಂದು ಭಾನುವಾರ ಬೆಳಿಗ್ಗೆ ಚಹಾ ಲೋಟ ಪಕ್ಕಕ್ಕಿಟ್ಟು, ಪೇಪರು ಹರಡಿ, "ಅತ್ತಿಗೆ, ಬನ್ನಿ ಇಲ್ಲಿ. ನಿಮಗೊಂದು ಹೊಸ ಕೆಲಸ ಹುಡುಕೋಣ" ಎಂದಳು.

ನಾದಿನಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅದಕ್ಕೂ ಮುಂಚೆ ಹತ್ತಾರು ಕಡೆ ಸೇರಿ ಬಿಟ್ಟವಳು. ಕೆಲಸದ ಜಾಹೀರಾತು ಓದುವುದರಲ್ಲಿ ಪಳಗಿದ ಕೈ. ಹಲ್ಲಕ್ಕನೋ, ಅಚ್ಚಾದದ್ದನ್ನೆಲ್ಲ ಇದ್ದ ಹಾಗೇ ನಂಬುವವಳು.

"ಇದು ಚೆನ್ನಾಗಿದೆ ನೋಡೇ. 'ಕುಟುಂಬದಂಥ ವಾತಾವರಣ' ಅಂತಿದೆ."

"ಬೇಡ. ಸಂಬಳ ಕೇಳಿದ್ರೆ ಮುನಿಸ್ಕೋತಾರೆ ಅಂತ ಅರ್ಥ."

"ಇದು? 'ಒತ್ತಡದಲ್ಲೂ ನಗುಮೊಗದಿಂದ ದುಡಿಯಬಲ್ಲವರು'..."

"ಮೂರು ಜನ ಬಿಟ್ಟು ಹೋಗಿದಾರೆ, ಮೂವರ ಕೆಲಸ ನೀವೊಬ್ರೇ ಮಾಡಿ, ಅಳಬೇಡಿ ಅಂತ."

"ನಿನ್ನ ಬಾಯಿಗೆ ಬಿದ್ರೆ ಯಾವ ಕೆಲಸವೂ ಬದುಕಲ್ಲ ಕಣೇ" ಎಂದು ಗಂಡ ಮಂಚದ ಮೇಲಿಂದಲೇ ನಕ್ಕ.

ಹೀಗೆ ಕೆಲವು ಭಾನುವಾರಗಳು ಕಳೆದವು. ಹಲ್ಲಕ್ಕ ಒಂದೆರಡು ಕಡೆ ಹೋಗಿಯೂ ಬಂದಳು. ಒಂದು ಕಡೆ ಅವಳ ಮುಖ ನೋಡಿದ ಕೂಡಲೇ ಜಾಗ ತುಂಬಿಹೋಗಿತ್ತು. ಇನ್ನೊಂದು ಕಡೆ 'ಕಚೇರಿ ಕೆಲಸ' ಅಂದರೆ ಮನೆಮನೆ ಸುತ್ತಿ ನೀರಿನ ಫಿಲ್ಟರ್ ಮಾರುವುದಾಗಿತ್ತು. ಆಮೇಲೆ ಕಣ್ಣಿಗೆ ಬಿದ್ದದ್ದು ಇದು: 'ಹೆಸರಾಂತ ಸಂಸ್ಥೆಗೆ ಹಲ್ಲಿನ ಸೆಟ್ಟು ತಯಾರಿಕೆಯಲ್ಲಿ ನುರಿತವರು ಬೇಕಾಗಿದ್ದಾರೆ. ಚುರುಕು ಕೈ, ಉತ್ಸಾಹ ಅಗತ್ಯ. ಒಂಬತ್ತರಿಂದ ಐದು. ವಾರಕ್ಕೊಂದು ಪೂರ್ತಿ ರಜೆ. ಆಕರ್ಷಕ ಸಂಬಳ.' ಕೆಳಗೆ ಕೆಲಸ ಕೊಡಿಸುವ ಒಂದು ಏಜೆನ್ಸಿಯ ಫೋನ್ ನಂಬರು.

"ಹೆಸರಾಂತ ಅಂತಾರೆ, ಹೆಸರೊಂದು ಬಿಟ್ಟು ಎಲ್ಲಾ ಬರೆದಿದಾರೆ" ಎಂದಳು ನಾದಿನಿ. ಆದರೆ ಈ ಸಲ ಅವಳ ಮುಖವೂ ಅರಳಿತ್ತು. "ಅತ್ತಿಗೆ, ಇದು ನಿಮ್ಮನ್ನೇ ನೋಡಿ ಬರೆದ ಹಾಗಿದೆ. ಅರ್ಜಿ ಹಾಕೋಣ. ಈಗ ಎಲ್ಲಿದೀರಿ ಅಂತ ಮಾತ್ರ ಬರೀಬೇಡಿ. ನಿಮ್ಮ ಯಜಮಾನರ ಕಿವಿಗೆ ಬಿದ್ರೆ ಇರೋದೂ ಹೋಗುತ್ತೆ. 'ಒಂದು ಒಳ್ಳೆಯ ಲ್ಯಾಬು' ಅಂತ ಹಾಕೋಣ. ಅವರೂ ಹೆಸರು ಹೇಳಿಲ್ಲ, ನಾವೂ ಹೇಳೋದು ಬೇಡ."

ಏಜೆನ್ಸಿಯವರು ವಾರ ಕಳೆಯುವುದರೊಳಗೆ ಕರೆದರು. ಹಲ್ಲು ಕಟ್ಟುವ ಹಲ್ಲಕ್ಕ ತನಗೇ ಹಲ್ಲುನೋವು ಎಂದು ಹೇಳಿ ಅರ್ಧ ದಿನ ರಜೆ ಹಾಕಿದಳು.

ಏಜೆನ್ಸಿಯೆಂದರೆ ಒಂದು ಬ್ಯಾಂಕಿನ ಮೇಲಿನ ಮಹಡಿಯಲ್ಲಿ ಗಾಜಿನ ಗೋಡೆಯ ಒಂದು ಕೋಣೆ. ಲ್ಯಾಪ್‌ಟಾಪಿನ ಹಿಂದೆ ಕೂತಿದ್ದ ಹುಡುಗಿಗೆ ನಾದಿನಿಯ ವಯಸ್ಸೂ ಇದ್ದಿರಲಾರದು. ಒಳ್ಳೆಯ ಹುಡುಗಿ. ನೀರು ಕೊಟ್ಟಳು, ಫ್ಯಾನು ಜೋರು ಮಾಡಿದಳು, ಹಲ್ಲಕ್ಕ ಹೇಳಿದ್ದನ್ನು ತಲೆಯಾಡಿಸಿ ಕೇಳಿದಳು.

"ವಯಸ್ಸು ಸ್ವಲ್ಪ ಜಾಸ್ತಿ ಆಯ್ತು ಮೇಡಂ. ಆದ್ರೆ ಬಂದವರಲ್ಲಿ ನಿಮ್ಮಷ್ಟು ಅನುಭವ ಯಾರಿಗೂ ಇಲ್ಲ. ಕಂಪ್ಯೂಟರಲ್ಲಿ ಹಲ್ಲು ಡಿಸೈನ್ ಮಾಡೋ ಮೆಷಿನ್ ತರ್ತಾರಂತೆ. ಕಲಿಯೋಕೆ ಆಗುತ್ತಾ?"

"ಕಲಿಸೋರಿದ್ರೆ ಯಾಕಮ್ಮ ಆಗಲ್ಲ?"

"ಅಷ್ಟು ಸಾಕು. ಇನ್ನೊಂದು ವಿಷಯ, ಇದು ನಮ್ಮ ನಮ್ಮಲ್ಲೇ ಇರಲಿ. ಅಲ್ಲಿ ಈಗ ಒಬ್ರು ಇದಾರೆ. ಹಳೇ ಹೆಂಗಸು. ಕೈ ನಿಧಾನವಂತೆ, ಹೊಸದೇನೂ ತಲೆಗೆ ಹತ್ತಲ್ವಂತೆ. ನೀವು ಸೇರಿದ ಮೇಲೆ ಎರಡು ತಿಂಗಳು ಅವರ ಪಕ್ಕ ಕೂತು, ಯಾವ ಡಾಕ್ಟರಿಗೆ ಹೇಗೆ ಬೇಕು ಅನ್ನೋದನ್ನೆಲ್ಲ ತಿಳ್ಕೋಬೇಕು. ಆಮೇಲೆ ಅವರನ್ನ ಕಳಿಸ್ತಾರೆ."

"ಪಾಪ" ಎಂದಳು ಹಲ್ಲಕ್ಕ. ಅವಳಿಗೆ ನಿಜವಾಗಿಯೂ ಕನಿಕರ ಬಂದಿತ್ತು. "ಆಕೆಗೆ ಹೇಳಿದಾರಾ?"

"ಹೇಳಿದ್ರೆ ಕಲಿಸ್ತಾರಾ ಮೇಡಂ?" ಎಂದು ಹುಡುಗಿ ಲ್ಯಾಪ್‌ಟಾಪು ಇತ್ತ ತಿರುಗಿಸಿದಳು. "ನೋಡಿ, ಜಾಗ ಚೆನ್ನಾಗಿದೆ. ಒಳ್ಳೆ ಗಾಳಿ ಬೆಳಕು."

ಚಿತ್ರದಲ್ಲಿ ಒಂದು ಕಿಟಕಿ, ಅದರ ಪಕ್ಕ ಒಂದು ಮೇಜು. ಮೇಜಿನ ಮೇಲೆ ಮೇಣ ಕಾಯಿಸುವ ಪುಟ್ಟ ದೀಪ. ಸ್ಟೂಲಿನ ಮೇಲೆ, ಸೊಂಟ ನೋವಿಗೆಂದು ಅವಳೇ ತನ್ನ ಹಳೆಯ ಶಾಲು ಮಡಿಸಿ ಹೊಲಿದುಕೊಂಡಿದ್ದ ದಿಂಬು.

ಹಲ್ಲಕ್ಕ ಕುಡಿಯದೆ ಬಿಟ್ಟಿದ್ದ ನೀರನ್ನು ಗಟಗಟ ಕುಡಿದಳು. 'ಹಳೇ ಹೆಂಗಸು' ಅನ್ನುವುದು ಕಿವಿಯೊಳಗೆ ಹೊಕ್ಕು ಕೂತುಬಿಟ್ಟಿತು. ಎದ್ದು ಹೋಗಿಬಿಡಲೇ ಅನ್ನಿಸಿತು. ಆದರೆ ಎದ್ದು ಎಲ್ಲಿಗೆ ಹೋಗುವುದು? ಅದೇ ಸ್ಟೂಲಿಗೆ ತಾನೇ?

"ಸಂಬಳ ಎಷ್ಟಮ್ಮ?" ಎಂದಳು.

ಹುಡುಗಿ ಹೇಳಿದಳು. ಈಗ ಅವಳ ಕೈಗೆ ಬರುತ್ತಿದ್ದದ್ದಕ್ಕಿಂತ ಅರ್ಧದಷ್ಟು ಹೆಚ್ಚು.

"ಆ ಹಳಬರಿಗೂ ಇಷ್ಟೇ ಕೊಡ್ತಾರಾ?"

"ಅಯ್ಯೋ, ಅವರಿಗೆ ಕೊಡೋ ಸಂಬಳಕ್ಕೆ ಈಗ ಯಾರು ಮೇಡಂ ಬರ್ತಾರೆ? ಅವರು ಹೇಗೋ ಹೊಂದ್ಕೊಂಡು ಹೋಗ್ತಿದಾರಂತೆ."

ಹಲ್ಲಕ್ಕ ಹಲ್ಲು ಕಚ್ಚಿಕೊಂಡು ಕೂತಳು. ಬಾಯಿ ತೆರೆದಿದ್ದರೆ ಅಳುವೋ ಬೈಗುಳವೋ, ಯಾವುದು ಮೊದಲು ಬರುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ. ಯಜಮಾನರನ್ನು ಭೇಟಿಯಾಗಲು ಗುರುವಾರ ಬೆಳಿಗ್ಗೆ ಬನ್ನಿ ಎಂದು ಹುಡುಗಿ ವಿಳಾಸ ಬರೆದುಕೊಡುತ್ತ, "ನಿಮ್ಮ ಹೆಸರು ಅವರಿಗೆ ಈಗಲೇ ಹೇಳಲ್ಲ. ಹೇಳಿದ್ರೆ ನಮ್ಮ ಕಮಿಷನ್ ತಪ್ಪಿಸಿ ನೇರ ನಿಮ್ಗೇ ಫೋನ್ ಮಾಡ್ತಾರೆ" ಎಂದಳು.

"ಹೇಳಬೇಡಮ್ಮ. ನಾನೇ ಹೋಗಿ ಹೇಳ್ತೀನಿ."

ಮನೆಯಲ್ಲಿ ವಿಷಯ ಕೇಳಿ ನಾದಿನಿಗೆ ಮೈಯೆಲ್ಲ ಉರಿದುಹೋಯಿತು. "ನಾಳೆನೇ ಹೋಗಿ ಆ ಅಚ್ಚುಗಳನ್ನೆಲ್ಲ ನೆಲಕ್ಕೆ ಕುಕ್ಕಿ ಬನ್ನಿ ಅತ್ತಿಗೆ!"

"ಅಚ್ಚು ಯಾರ್ಯಾರದೋ ಬಾಯಿದು ಕಣೇ. ಅವರೇನು ಮಾಡಿದ್ರು?"

ಗುರುವಾರದವರೆಗೆ ಅವಳು ಎಂದಿನಂತೆ ಕೆಲಸಕ್ಕೆ ಹೋದಳು. ಯಜಮಾನರು ಹಾದುಹೋಗುವಾಗ "ಹಲ್ಲುನೋವು ಹೇಗಿದೆ ಅಕ್ಕ?" ಎಂದು ವಿಚಾರಿಸಿದರು. ಅವಳು ತಲೆಯೆತ್ತದೆ ಮೇಣ ಕಾಯಿಸಿದಳು. ಇಷ್ಟು ವರ್ಷ ಈ ಮನುಷ್ಯನ ಎದುರು ಎದ್ದು ನಿಂತು ನಿಂತು ಹೊರಗೆ ಬಂದೆನಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು.

ಗುರುವಾರ ಒಳ್ಳೆಯ ಬಟ್ಟೆ ಉಟ್ಟು, ಕೆಲಸದವರ ಹಿಂಬಾಗಿಲು ಬಿಟ್ಟು ಮುಂಬಾಗಿಲಿನಿಂದ ಬಂದಳು. ಅಲ್ಲಿ ಅಚ್ಚಿಗೆ ಪ್ಲಾಸ್ಟರ್ ಕಲಸುವ ಮುದುಕ, ಎಲ್ಲರೂ 'ಸುಣ್ಣದಜ್ಜ' ಅನ್ನುವವನು, ಬಿಳಿ ಕೈಗಳನ್ನು ಗಾಳಿಯಲ್ಲಿ ಹಿಡಿದು ನಿಂತಿದ್ದ.

"ಏನವ್ವ, ಎಲ್ಲಿಗೋ ಹೊರಟ ಹಾಗಿದೆ?"

"ಇಲ್ಲಿಗೇ ಅಜ್ಜ. ಇಂಟರ್‌ವ್ಯೂ ಇದೆ."

ಯಜಮಾನರು ಫೈಲು ತೆರೆದಿಟ್ಟುಕೊಂಡು, ಬರುವವರಿಗೆಂದು ಎದುರಿನ ಕುರ್ಚಿ ಒರೆಸಿ ಇಡಿಸಿದ್ದರು. ಅವಳನ್ನು ನೋಡಿ ಕೈಬೀಸಿದರು. "ಅಕ್ಕ, ಈಗ ಬೇಡ. ಯಾರೋ ಬರೋರಿದಾರೆ."

"ಗೊತ್ತು ಸಾರ್. ಏಜೆನ್ಸಿಯವರು ಕಳಿಸಿದಾರೆ" ಎಂದು ಅವಳು ಕುರ್ಚಿ ಎಳೆದುಕೊಂಡು ಕೂತಳು. "ಆ ಬರೋರು ನಾನೇ."

ಯಜಮಾನರು ಮೊದಲು ನಕ್ಕರು. ಅವಳು ನಗಲಿಲ್ಲ. ವಿಳಾಸದ ಚೀಟಿ ಮೇಜಿನ ಮೇಲಿಟ್ಟಳು. ಅವರು ಅದನ್ನು ನೋಡಿದರು, ಬಾಗಿಲ ಕಡೆ ನೋಡಿದರು, ಬೆಣ್ಣೆ ಮಾತಿಗಾಗಿ ತಡಕಾಡಿದರು.

"ಅದು... ಏಜೆನ್ಸಿಯವರು ಏನೋ ತಪ್ಪು ಅರ್ಥ ಮಾಡ್ಕೊಂಡಿದಾರೆ. ನಿಮಗೆ ಸಹಾಯಕ್ಕೆ ಅಂತ ಒಬ್ಬರನ್ನ..."

"ಎರಡು ತಿಂಗಳು ನನ್ನ ಪಕ್ಕ ಕೂರಿಸಿ, ಆಮೇಲೆ ನನ್ನನ್ನ ಕಳಿಸೋ ಸಹಾಯವಾ ಸಾರ್?"

"ಅಕ್ಕ, ನೀವು ಮನೆಯವರಿದ್ದ ಹಾಗೆ..." ಎಂದು ಯಜಮಾನರು ಅಭ್ಯಾಸದಂತೆ ಎದ್ದು ನಿಂತರು.

ಹಲ್ಲಕ್ಕ ಏಳಲಿಲ್ಲ. "ಮನೆಯವರಿಗೆ ಹೀಗೆ ಮಾಡ್ತಾರಾ? ನನ್ನ ಕೈ ನಿಧಾನ ಅಂತ ಆ ಹುಡುಗಿ ಹತ್ರ ಹೇಳಿದೀರಿ. ನನ್ನ ಮುಖ ನೋಡಿ ಒಂದು ಸಲ ಹೇಳಿ. ಹೊಸ ಮೆಷಿನ್ ತಲೆಗೆ ಹತ್ತಲ್ಲ ಅಂದಿದೀರಿ. ಕಲೀತೀರಾ ಅಂತ ಒಂದು ದಿನ ಕೇಳಿದೀರಾ? ಗುರುತು ಪರಿಚಯ ಇಲ್ಲದ ಆ ಹುಡುಗಿ ಕೂತ ಐದು ನಿಮಿಷಕ್ಕೆ ಕೇಳಿದ್ಲು. ನಾನು ಜಾಸ್ತಿ ಕೇಳಿದಾಗೆಲ್ಲ ನಿಮಗೆ ಕಷ್ಟದ ವರ್ಷ. ಹೊಸಬರಿಗೆ ಕೊಡೋಕೆ ಈ ವರ್ಷ ದುಡ್ಡು ಎಲ್ಲಿಂದ ಬಂತು ಸಾರ್?"

ಆ ಹೊತ್ತಿಗೆ ಒಳಗಿನ ಪಾಲಿಶ್ ಯಂತ್ರದ ಸದ್ದು ನಿಂತಿತ್ತು. ಸುಣ್ಣದಜ್ಜ ಬಾಗಿಲಲ್ಲಿ ಕೈ ತೊಳೆಯುವುದನ್ನೂ ಮರೆತು ನಿಂತಿದ್ದ. ಯಜಮಾನರು ಅವನನ್ನು ನೋಡಿ ದನಿ ತಗ್ಗಿಸಿದರು.

"ಈಗೇನು ಮಾಡಬೇಕು ಅಂತೀರಿ?"

"ಪೇಪರಲ್ಲಿ ಹಾಕಿದ್ದನ್ನ ಮಾಡಿ. ನುರಿತವರು ಬೇಕು ಅಂದ್ರಿ, ಬಂದಿದೀನಿ. ಒಂಬತ್ತರಿಂದ ಐದು ಅಂದ್ರಿ, ಐದಕ್ಕೆ ಎದ್ದು ಹೋಗ್ತೀನಿ. ವಾರಕ್ಕೊಂದು ಪೂರ್ತಿ ರಜೆ ಅಂದ್ರಿ, ರಜೆ ದಿನ ಅರ್ಜೆಂಟು ಅಂತ ಫೋನ್ ಮಾಡಬೇಡಿ. ಹೊಸಬರಿಗೆ ಏನು ಕೊಡ್ತಿದ್ರೋ ಅದನ್ನ ಕೊಡಿ. ಮಾತಲ್ಲಿ ಬೇಡ, ಬರೆದು ಕೊಡಿ. ಇಲ್ಲ ಅಂದ್ರೆ ಬೇರೆಯವರನ್ನ ಕರ್ಕೊಳ್ಳಿ. ನಾನು ಕಲಿಸಲ್ಲ."

ಯಜಮಾನರು ಮೀಸೆ ಸವರಿಕೊಂಡರು, ಕನ್ನಡಕ ತೆಗೆದು ಹಾಕಿದರು. ಯಾವ ವೈದ್ಯರಿಗೆ ಹಲ್ಲು ಎಷ್ಟು ಬಿಳುಪಿರಬೇಕು, ಯಾರು ಕೊಟ್ಟ ಅಳತೆಯನ್ನು ಸ್ವಲ್ಪ ಸಡಿಲಿಸಬೇಕು ಅನ್ನುವುದನ್ನು ಅವರು ತಾವಾಗಿ ಕಲಿತವರೇ ಅಲ್ಲ, ಅದೆಲ್ಲ ಗೊತ್ತಿದ್ದದ್ದು ಅವಳೊಬ್ಬಳಿಗೇ. ಕೊನೆಗೆ ಬರೆದುಕೊಟ್ಟರು. ಕೊಡುವಾಗ, "ನೀವು ಮೊದಲೇ ಹೀಗೆ ಗಟ್ಟಿಯಾಗಿ ಕೇಳಬೇಕಿತ್ತು ಅಕ್ಕ" ಎಂದು ತಪ್ಪನ್ನು ಅವಳ ತಲೆಗೇ ಕಟ್ಟಿದರು.

ಹಲ್ಲಕ್ಕ ಕಾಗದ ಮಡಿಸಿ ಇಟ್ಟುಕೊಂಡಳು. ಒಳಗೆ ಹೋಗಿ ಏಪ್ರನ್ನು ಕಟ್ಟಿಕೊಂಡು ಕೂತಳು. ಸುಣ್ಣದಜ್ಜ ಬಂದು ಚಹಾ ಇಟ್ಟುಹೋದ. ಮಾರನೇ ದಿನ ಅವನೂ ಹೊಸ ಬಟ್ಟೆ ಹಾಕಿಕೊಂಡು ಯಜಮಾನರ ಕೋಣೆಗೆ ಹೋದನಂತೆ. ಐದು ನಿಮಿಷಕ್ಕೆ ಬರಿಗೈಲಿ ಹೊರಬಂದನಂತೆ. ಅದು ತಿಳಿದ ಮೇಲೆ ಅವಳಿಗೆ ತನ್ನ ಕಾಗದದ ಸಂತೋಷ ಇನ್ನಷ್ಟು ಇಳಿದುಹೋಯಿತು.

ಸಂಬಳ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಹಿಗ್ಗು. ಗಂಡ ಮಂಡಿನೋವನ್ನೂ ಮರೆತು ಎದ್ದು ನಿಂತ. ನಾದಿನಿ ಅವಳನ್ನು ತಬ್ಬಿಕೊಂಡು, "ಗೆದ್ದುಬಿಟ್ರಿ ಅತ್ತಿಗೆ!" ಎಂದಳು.

ಹಲ್ಲಕ್ಕ ಅವಳ ಕೈ ಬಿಡಿಸಿಕೊಂಡಳು. "ಏನು ಗೆದ್ದೆ? ನನ್ನದೇ ಸ್ಟೂಲು, ನನ್ನದೇ ಮೇಜು. ಇಷ್ಟು ವರ್ಷ ಸಲ್ಲಬೇಕಾದದ್ದನ್ನ ಕದ್ದು ಸಿಕ್ಕಿಬಿದ್ದು ಈಗ ಕೊಡ್ತಿದಾರೆ. ಅದಕ್ಕೆ ನಾನು ಕುಣಿಯಬೇಕಾ?"

ನಾದಿನಿ ಮುಖ ಸಪ್ಪಗೆ ಮಾಡಿಕೊಂಡು ಕೂತಳು. ಹಲ್ಲಕ್ಕನಿಗೂ ಅಯ್ಯೋ ಅನ್ನಿಸಿತು. ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಭಾನುವಾರದ ಪೇಪರು ಓದುವುದನ್ನೂ ಅವಳು ಬಿಡಲಿಲ್ಲ. ವರ್ಷದ ಕೊನೆಗೆ ದೊಡ್ಡಾಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ಜಾಗ ಖಾಲಿ ಬಿತ್ತು. ಆ ಜಾಹೀರಾತಿನಲ್ಲಿ ಆಸ್ಪತ್ರೆಯ ಹೆಸರಿತ್ತು, ಸಂಬಳವೂ ಇತ್ತು. ಅರ್ಜಿ ಹಾಕಿದಳು, ಸಿಕ್ಕಿತು. ಅಲ್ಲಿಗೆ ಸೇರಿದ ಒಂದು ತಿಂಗಳೊಳಗೆ ಕಂಪ್ಯೂಟರಿನ ಮುಂದೆ ಕೂರಿಸಿದರು. ಮೊದಮೊದಲು ಪರದಾಡಿದಳು, ಆಮೇಲೆ ಕೈ ಕುದುರಿತು.

ಒಂದು ದಿನ ಸುಣ್ಣದಜ್ಜ ಅಲ್ಲಿಗೇ ತನ್ನ ಹಲ್ಲು ತೋರಿಸಲು ಬಂದವನು ಹಳೆಯ ಲ್ಯಾಬಿನ ಸುದ್ದಿ ಹೇಳಿದ. ಕಿಟಕಿಯ ಪಕ್ಕಕ್ಕೆ ಒಬ್ಬಳಾದ ಮೇಲೊಬ್ಬಳು ಬಂದು ಹೋಗುತ್ತಿದ್ದಾರಂತೆ. ಯಜಮಾನರು ಬಂದ ಡಾಕ್ಟರುಗಳ ಮುಂದೆಲ್ಲ, "ಇಷ್ಟು ವರ್ಷ ಅನ್ನ ಹಾಕಿ ಸಾಕಿದೆ, ಸ್ವಲ್ಪ ಹೆಚ್ಚು ಕಂಡ ಕೂಡಲೇ ಕೈಕೊಟ್ಟು ಹೋದಳು. ಈಗಿನವರಿಗೆ ನಿಯತ್ತೇ ಇಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದಾರಂತೆ.

"ನಿಯತ್ತಂತೆ!" ಎಂದಳು ಹಲ್ಲಕ್ಕ. ಸಾಲಿನಲ್ಲಿ ಕೂತಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. ಅವಳ ಮುಖ ಕೆಂಪಗಾಗಿತ್ತು. ಅಜ್ಜನ ತೋಳು ಹಿಡಿದು, "ಬಾ ಅಜ್ಜ, ನಿನ್ನ ಬಾಯಿ ತೋರಿಸು ಮೊದಲು" ಎಂದು ಒಳಗೆ ಕರೆದುಕೊಂಡು ಹೋದಳು. ಆ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿದರೂ ಅವಳಿಗೆ ಊಟ ಸೇರಲಿಲ್ಲ.