ಸೂರ್ಯನ ಹತ್ತಿರದ ಜಾಗ

"ದುಂಡಗಿರೋದು ಯಾವುದನ್ನೂ ನಾನು ಹೆಣೆಯಲ್ಲ. ಬೇರೆ ಏನಾದ್ರೂ ಕೇಳು," ಎಂದು ಮಹಾಂತಮ್ಮ ಉಲ್ಲನ್ ಉಂಡೆಯನ್ನು ಸೊಸೆಯ ಕಡೆಗೆ ತಳ್ಳಿದರು.

ಸುಮನಾ ಅದನ್ನು ಎತ್ತಿಕೊಳ್ಳಲಿಲ್ಲ. ಭಾನುವಾರದ ಮಧ್ಯಾಹ್ನ. ಭದ್ರಾವತಿಯ ನ್ಯೂ ಟೌನಿನ ಆ ಹಳೆಯ ಕ್ವಾರ್ಟರ್ಸಿನಲ್ಲಿ ಕಿಟಕಿಯ ಬಿಸಿಲು ನೆಲದುದ್ದಕ್ಕೂ ಬಿದ್ದಿತ್ತು; ಹೊರಗೆ ಹೊಂಗೆಯ ಎಲೆ ಅಲುಗಿದರೆ ಒಳಗೆ ನೆಲವೇ ನೀರಾಗಿ ಅಲುಗಿದಂತೆ ಕಾಣುತ್ತಿತ್ತು. ಐದು ತಿಂಗಳ ಬಸುರಿ ಅವಳು. ನಿಧಾನಕ್ಕೆ ಗೋಡೆಗೆ ಒರಗಿ ಕೂತಳು.

ಮೂರು ವರ್ಷದ ಹಿಂದೆ, ಸೊಸೆಗೆ ಗರ್ಭ ನಿಂತಿದೆಯೆಂದು ತಿಳಿದ ವಾರವೇ ಮಹಾಂತಮ್ಮ ಹಳದಿ ಕುಲಾವಿಯೊಂದನ್ನು ಹೆಣೆದಿದ್ದರು. ಹುಟ್ಟುವ ಮುಂಚೆ ಮಗುವಿಗೆ ಏನನ್ನೂ ಮಾಡಿಡಬಾರದೆಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಕೈ ಕೇಳಿರಲಿಲ್ಲ. ಆ ಮಗು ಉಳಿಯಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಸುಮನಾ ಹೇಳಿದಳು, ಡಾಕ್ಟರೂ ಹೇಳಿದರು. ಮಹಾಂತಮ್ಮ ತಲೆಯಾಡಿಸಿ ಕ್ರೋಶಾ ಕಡ್ಡಿಯನ್ನು ಟ್ರಂಕಿನ ತಳಕ್ಕೆ ಹಾಕಿದರು. ಆಮೇಲೆ ಆ ಕೈಗಳು ಸುಮ್ಮನೆ ಮಡಿಲಲ್ಲಿ ಬಿದ್ದಿರುತ್ತಿದ್ದವು. ಅದನ್ನು ನೋಡುವುದು ಸುಮನಾಗೆ ತನ್ನ ಸಂಕಟಕ್ಕಿಂತ ಕಷ್ಟವಾಗುತ್ತಿತ್ತು.

"ಇದು ಕಾಲೇಜಿಗೆ ಅತ್ತೆ, ನನ್ನ ಫಿಸಿಕ್ಸ್ ಪಾಠಕ್ಕೆ."

"ಶಿವಮೊಗ್ಗದ ಹುಡುಗ್ರಿಗೆಲ್ಲ ಟೋಪಿ ಹಾಕ್ತೀಯೇನು?"

"ಕೇಳಿ ಇಲ್ಲಿ. ಭಾರ ಇರೋ ಕಡೆ ಜಾಗಾನೇ ಬಾಗುತ್ತೆ ಅಂತ ಪಾಠ. ಬೆಡ್‌ಶೀಟ್ ಎಳೆದು ಹಿಡಿಸಿ, ಮಧ್ಯೆ ಗುಂಡುಕಲ್ಲು ಇಟ್ಟು ತೋರಿಸ್ದೆ. ಶರಣ್ಯಾ ಅಂತ ಒಬ್ಳು, ಹೊಳಲೂರಿನೋಳು, ಎದ್ದು ನಿಂತು, 'ಮಿಸ್, ಆ ಕಲ್ಲನ್ನ ಕೆಳಗೆ ಎಳೀತಿರೋದು ಏನು?' ಅಂದ್ಲು. ಎಳೆತ ಯಾಕಿದೆ ಅಂತ ತೋರಿಸೋಕೆ ಆ ಎಳೆತಾನೇ ಬಳಸಿದ್ದೆ ನಾನು."

ಮಹಾಂತಮ್ಮನಿಗೆ ನಗು ಬಂತು. "ನಿನ್ನ ಬಾಯಿನೇ ಮುಚ್ಚಿಸಿದ್ಲಲ್ಲ!"

"ಅದಕ್ಕೇ ಕಲ್ಲೂ ಬೇಡ, ಬೆಡ್‌ಶೀಟೂ ಬೇಡ. ನೀವು ದುಂಡಗೆ ಹೆಣೀತಾ, ಪ್ರತಿ ಸುತ್ತಿಗೂ ಹೆಣಿಗೆ ಜಾಸ್ತಿ ಮಾಡ್ತಾ ಹೋದ್ರೆ ಏನಾಗುತ್ತೆ?"

"ತಟ್ಟೆ ಥರ ಚಪ್ಪಟೆ ಬರುತ್ತೆ."

"ಜಾಸ್ತಿ ಮಾಡೋದು ಕಮ್ಮಿ ಮಾಡಿದ್ರೆ?"

"ಬಟ್ಲು."

"ಯಾರಾದ್ರೂ ಒತ್ತಬೇಕಾ?"

"ಒತ್ತೋದ್ಯಾಕೆ ಮಾರಾಯ್ತಿ? ತಾನೇ ಬಾಗುತ್ತೆ."

"ಸೂರ್ಯನ ಹತ್ರ ಇರೋ ಜಾಗಾನೂ ಹಂಗೇ. ದೂರ ಹೋದಂಗೆ ಸುತ್ತು ಎಷ್ಟು ಹಿಗ್ಗಬೇಕೋ ಅಷ್ಟು ಹಿಗ್ಗಲ್ಲ. ಹೊರಗಿಂದ ಯಾರೂ ಬಗ್ಗಿಸಿರಲ್ಲ."

ಮಹಾಂತಮ್ಮ ಉಲ್ಲನ್ ಉಂಡೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಯಾರ ತಲೆಗೂ ಹಾಕಲ್ಲ ತಾನೆ?"

"ಇಲ್ಲ ಅತ್ತೆ."

"ನನ್ನಾಣೆ?"

"ನಿಮ್ಮಾಣೆ."

ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ಮೊದಲ ಸುತ್ತುಗಳಲ್ಲಿ ದಾರ ಜಾರಿತು. ಆಮೇಲೆ ಹದ ಸಿಕ್ಕಿತು. ಅಂಗೈಯಗಲದ ಬಿಳಿ ತಟ್ಟೆಯೊಂದು ಅವರ ಮಡಿಲಲ್ಲಿ ತಿರುಗುತ್ತ ಬೆಳೆಯಿತು. ಆಚೆ ಎಲ್ಲೋ ರೈಲೊಂದು ಕೂಗಿಕೊಂಡು ಹೋಯಿತು. ಸುಮನಾಗೆ ತೂಕಡಿಕೆ ಬಂದು, ಕಣ್ಣು ಬಿಟ್ಟಾಗ ತಟ್ಟೆಯ ಅಂಚು ಮೆಲ್ಲಗೆ ಮೇಲೇಳುತ್ತಿತ್ತು.

"ನೋಡು, ಬಾಗ್ತಾ ಇದೆ," ಎಂದರು ಮಹಾಂತಮ್ಮ, ಪಿಸುದನಿಯಲ್ಲಿ.

ಪಾಠಕ್ಕೆ ಅಷ್ಟು ಸಾಕಿತ್ತು. ಸುಮನಾ ಸಾಕು ಎನ್ನಲಿಲ್ಲ. ಮಹಾಂತಮ್ಮನೂ ಕೇಳಲಿಲ್ಲ. ಕಡ್ಡಿ ಒಂದೊಂದೇ ಸುತ್ತು ಕೆಳಗಿಳಿಯಿತು, ಹಣೆ ಮುಚ್ಚುವಷ್ಟು, ಕಿವಿ ಮುಚ್ಚುವಷ್ಟು. ದಾರ ಕಡಿಯುವ ಮುಂಚೆ ಅವರು ಅದನ್ನು ತಮ್ಮ ಮುಷ್ಟಿಗೆ ತೊಡಿಸಿದರು. ಎಲ್ಲಾದರೂ ಬಿಗಿಯಾಗಿದೆಯೇ ಎಂದು ಬೆರಳಾಡಿಸಿ ನೋಡಿ, ಎಳೆಗೂಸಿನ ಕತ್ತಿಗೆ ಹಿಡಿಯುವಂತೆ ಇನ್ನೊಂದು ಅಂಗೈಯನ್ನು ಕೆಳಗೆ ಆನಿಸಿ ಹಿಡಿದುಕೊಂಡರು.